ಮೂರು ನಗರಗಳ ಇಳಿಕೆ ಕ್ರಮ

ಪ್ರಶ್ನೆ ಇಷ್ಟೇ ಇತ್ತು: ‘2011ರ ಜನಗಣತಿಯ ಪ್ರಕಾರ ಬೆಂಗಳೂರು, ಚೆನ್ನೈ, ಕೋಲ್ಕತ್ತಾ, ಈ ನಗರಗಳನ್ನು ಜನಸಂಖ್ಯೆಯ ಇಳಿಕೆ ಕ್ರಮದಲ್ಲಿ ಜೋಡಿಸಿ.’ ಕೆಳಗೆ ನಾಲ್ಕು ಆಯ್ಕೆಗಳು. ಮೊದಲನೆಯದು ಕೋಲ್ಕತ್ತಾ, ಚೆನ್ನೈ, ಬೆಂಗಳೂರು. ಕೊನೆಯದು ಬೆಂಗಳೂರು, ಚೆನ್ನೈ, ಕೋಲ್ಕತ್ತಾ. ನಡುವಿನ ಎರಡು ಲೆಕ್ಕಕ್ಕಿಲ್ಲ. ಮೊದಲನೆಯದೇ ಸರಿಯುತ್ತರ ಎಂದು ಪರೀಕ್ಷೆ ನಡೆಸಿದ ಮಂಡಳಿ ಪ್ರಕಟಿಸಿತ್ತು. ಅದನ್ನು ಓದಿದ ಕೂಡಲೇ ನನಗೆ ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಯದೇ ಇದ್ದುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಸರ್ಕಾರಿ ಹುದ್ದೆಗಳ ನೇಮಕಾತಿ ಪರೀಕ್ಷೆಯೊಂದು ಮುಗಿದು, ಸರಿಯುತ್ತರಗಳ ಪಟ್ಟಿ ಹೊರಬಿದ್ದ ಮೇಲೆ ಅಭ್ಯರ್ಥಿಗಳಿಂದ ಆಕ್ಷೇಪಣೆಗಳು ಬಂದಿದ್ದವು. ಅವನ್ನು ಪರಿಶೀಲಿಸುವ ಸಮಿತಿಗೆ ವಿಷಯ ತಜ್ಞೆಯಾಗಿ ಬರಬೇಕೆಂದು ಮಂಡಳಿಯಿಂದ ಫೋನ್ ಬಂತು. ಸಮಿತಿಯಲ್ಲಿ ಇರುವ ಸಂಗತಿಯನ್ನು ಯಾರಿಗೂ ಹೇಳಬಾರದು, ಮನೆಯವರಿಗೂ ಸಹ, ಎಂದರು. ಒಪ್ಪಿಕೊಂಡೆ.

ಸಭೆ ನಡೆದದ್ದು ರಾಯಾಪುರದ ಒಂದು ಬಾಡಿಗೆ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ಸಮನಾಗಿ ದೂರವಾಗುವ ಜಾಗ. ಸಮಿತಿಯಲ್ಲಿ ನಾವು ಮೂವರು. ಅಧ್ಯಕ್ಷರು ನಿವೃತ್ತ ಪ್ರಾಚಾರ್ಯರು, ಕನ್ನಡ ಕಲಿಸಿದವರು. ಧಾರವಾಡದಲ್ಲಿ ಅವರ ಮಾತು ಕೇಳುವುದಕ್ಕೆಂದೇ ಸಭೆಗಳಿಗೆ ಹೋಗುವ ಜನ ಇದ್ದಾರೆ, ನಾನೂ ಹೋಗಿದ್ದೇನೆ. ಎರಡನೆಯವರು ಹುಬ್ಬಳ್ಳಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರು. ತಂದೆ ಹತ್ತಿ ವ್ಯಾಪಾರಿಯಾಗಿದ್ದರಂತೆ, ಮಾತಿನಲ್ಲಿ ಇನ್ನೂ ಪೇಟೆಯ ನೇರತನ ಇತ್ತು. ಮೂರನೆಯವಳು ನಾನು. ಇವರಲ್ಲದೆ ಮಂಡಳಿಯ ಕಡೆಯಿಂದ ಒಬ್ಬ ಅಧಿಕಾರಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದ. ಬೆಂಗಳೂರಿನಿಂದ ಬಂದವನು. ಮರಳಿ ಹೋಗುವ ರೈಲಿನ ಟಿಕೆಟ್ ಮೊದಲೇ ಮಾಡಿಸಿಕೊಂಡಿದ್ದ.

ಮೂರು ನಗರಗಳ ಪ್ರಶ್ನೆಯ ಮೇಲೆ ಬಂದಷ್ಟು ಆಕ್ಷೇಪಣೆ ಬೇರೆ ಯಾವ ಪ್ರಶ್ನೆಗೂ ಬಂದಿರಲಿಲ್ಲ. ಅಭ್ಯರ್ಥಿಗಳು ಅಂತರ್ಜಾಲದ ಹಾಳೆಗಳನ್ನು ಮುದ್ರಿಸಿ ಲಗತ್ತಿಸಿದ್ದರು. ಭಾರತದ ದೊಡ್ಡ ನಗರಗಳ ಪಟ್ಟಿ ಒಂದೊಂದು ಹಾಳೆಯಲ್ಲಿ ಒಂದೊಂದು ತರಹ. ಒಂದರಲ್ಲಿ ದೆಹಲಿ ಮೊದಲು, ಇನ್ನೊಂದರಲ್ಲಿ ಮುಂಬೈ. ಕೆಲವು ಪಟ್ಟಿಗಳಲ್ಲಿ ಗಣತಿಯ ಸಂಖ್ಯೆ, ಕೆಲವುಗಳಲ್ಲಿ ಯಾರೋ ಎಲ್ಲೋ ಕೂತು ಮಾಡಿದ ಅಂದಾಜು. ದೇಶದಲ್ಲಿ ತಲೆ ಎಣಿಸಿ ಹದಿನೈದು ವರ್ಷದ ಹತ್ತಿರ ಬಂದಿದೆ. ಹಳೆಯ ಎಣಿಕೆಯ ಮೇಲೆ ಊರುಗಳನ್ನು ಸಾಲಾಗಿ ನಿಲ್ಲಿಸಿ, ಆ ಸಾಲನ್ನು ಬಾಯಿಪಾಠ ಮಾಡಿದವರಿಗೆ ನೌಕರಿ ಕೊಡುತ್ತಿದ್ದೇವೆ. ಅದು ಹೇಗಾದರೂ ಇರಲಿ, ಪ್ರಶ್ನೆಯಲ್ಲಿ ಯಾವ ಗಣತಿ ಎಂದು ಹೇಳಿದ್ದರು. ಆದ್ದರಿಂದ ಗಣತಿಯ ಕೋಷ್ಟಕಗಳನ್ನೇ ನಾನು ಮೇಜಿನ ಮೇಲೆ ಹರವಿದೆ.

ಅಲ್ಲಿ ಎರಡು ಕೋಷ್ಟಕಗಳಿವೆ. ಒಂದು ನಗರದ್ದು: ಪಾಲಿಕೆಯ ಗಡಿಯೊಳಗೆ ಎಷ್ಟು ಜನ ಇದ್ದಾರೋ ಅಷ್ಟು. ಇನ್ನೊಂದು ನಗರ ಸಮುಚ್ಚಯದ್ದು: ಆ ನಗರಕ್ಕೆ ಹೊಂದಿಕೊಂಡು ಬೆಳೆದ ಊರುಗಳನ್ನೆಲ್ಲ ಕೂಡಿಸಿದ ಲೆಕ್ಕ. ಕೋಲ್ಕತ್ತಾದ ಪಾಲಿಕೆ ಚಿಕ್ಕದು. ಹೊಳೆಯ ಆಚೆ ದಂಡೆಯ ಹೌರಾಕ್ಕೂ ಸುತ್ತಲಿನ ಊರುಗಳಿಗೂ ಬೇರೆ ಬೇರೆ ಪೌರಾಡಳಿತ. ಹೀಗಾಗಿ ನಗರದ ಪಟ್ಟಿಯಲ್ಲಿ ಕೋಲ್ಕತ್ತಾ ಚೆನ್ನೈಗಿಂತಲೂ ಕೆಳಗೆ ಬರುತ್ತದೆ, ಸಮುಚ್ಚಯದ ಪಟ್ಟಿಯಲ್ಲಿ ದೇಶಕ್ಕೇ ಮೂರನೆಯದಾಗಿ ಮೇಲೇರುತ್ತದೆ. ಬೆಂಗಳೂರು ತನ್ನ ಸುತ್ತಲಿನ ಊರುಗಳನ್ನು ಗಣತಿಗೆ ಮುಂಚೆಯೇ ಪಾಲಿಕೆಯೊಳಗೆ ನುಂಗಿಕೊಂಡಿತ್ತು. ಅದರ ಸಂಖ್ಯೆ ಎರಡೂ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟೇ. ನಗರದ ಪಟ್ಟಿ ಹಿಡಿದರೆ ಬೆಂಗಳೂರು, ಚೆನ್ನೈ, ಕೋಲ್ಕತ್ತಾ. ಸಮುಚ್ಚಯದ ಪಟ್ಟಿ ಹಿಡಿದರೆ ಕೋಲ್ಕತ್ತಾ, ಚೆನ್ನೈ, ಬೆಂಗಳೂರು. ಪೂರಾ ಉಲ್ಟಾ.

ಪ್ರಶ್ನೆಪತ್ರಿಕೆ ಎರಡು ಭಾಷೆಯಲ್ಲಿತ್ತು. ಇಂಗ್ಲಿಷಿನಲ್ಲಿ ಸಮುಚ್ಚಯ ಎಂಬ ಅರ್ಥದ ಶಬ್ದ ಸ್ಪಷ್ಟವಾಗಿ ಇತ್ತು. ಕನ್ನಡದಲ್ಲಿ ಬರೀ ‘ನಗರ’. ಇಂಗ್ಲಿಷ್ ಓದಿ ಬರೆದವರಿಗೆ ಒಂದು ಪ್ರಶ್ನೆ, ಕನ್ನಡ ಓದಿ ಬರೆದವರಿಗೆ ಇನ್ನೊಂದು ಪ್ರಶ್ನೆ. ಸರಿಯುತ್ತರ ಮಾತ್ರ ಇಂಗ್ಲಿಷಿನವರದ್ದು. ತಪ್ಪಿದವರಿಗೆ ಅಂಕ ಬರದೇ ಇರುವುದಷ್ಟೇ ಅಲ್ಲ, ಗಳಿಸಿದ್ದರಲ್ಲಿ ಕಾಲು ಅಂಕ ಕತ್ತರಿಸುತ್ತಾರೆ. ಇಂಥ ಪರೀಕ್ಷೆಗಳಲ್ಲಿ ಒಂದೂಕಾಲು ಅಂಕದ ನಡುವೆ ಎಷ್ಟು ಜನ ನಿಂತಿರುತ್ತಾರೆ ಎಂಬುದು ಧಾರವಾಡದ ಯಾವ ತರಬೇತಿ ಕೇಂದ್ರದ ಮುಂದೆ ನಿಂತು ಕೇಳಿದರೂ ಗೊತ್ತಾಗುತ್ತದೆ.

ಇದನ್ನು ವಿವರಿಸಿದಾಗ ಅಧಿಕಾರಿ ತಲೆ ಎತ್ತಲಿಲ್ಲ.

“ಮೇಡಂ, ಪತ್ರಿಕೆ ಮೇಲೆ ಸೂಚನೆ ಇದೆ. ಗೊಂದಲ ಇದ್ದರೆ ಇಂಗ್ಲಿಷ್ ಆವೃತ್ತಿನೇ ಅಂತಿಮ. ಅಲ್ಲಿಗೆ ಮುಗೀತು.”

“ಗೊಂದಲ ಇದ್ರ ಅಂದ್ರಲ್ಲ,” ಎಂದೆ. “ಕನ್ನಡದಾಗ ಗೊಂದಲನ ಇಲ್ರಿ. ನಗರ ಅಂತ ಸ್ವಚ್ಛ ಐತಿ. ಅದನ್ನ ಓದಿದವರು ಇಂಗ್ಲಿಷ್ ಯಾಕ ನೋಡ್ತಾರ?”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ಆದ್ರ ನಗರ ಅಂದ್ರ ಊರು ಅಂತನ ಅಲ್ಲೇನವಾ? ಕೋಲ್ಕತ್ತಾ ಅಂದ್ರ ಹೌರಾ ಕೂಡೇ ಅಂತ ಎಲ್ಲರೂ ತಿಳೀತಾರ.”

“ಸರ್, ಕರ್ನಾಟಕದಾಗ ಎರಡನೇ ದೊಡ್ಡ ಊರು ಯಾವುದ್ರಿ?”

“ಅದೇನ ಕೇಳ್ತೀ. ನಾವ. ಹುಬ್ಬಳ್ಳಿ-ಧಾರವಾಡ.”

“ನಗರದ ಪಟ್ಟಿ ಹಿಡಿದ್ರ ನಾವು. ಸಮುಚ್ಚಯದ ಪಟ್ಟಿ ಹಿಡಿದ್ರ ಮೈಸೂರು ನಮ್ಮನ್ನ ದಾಟಿ ಮುಂದ ಹೋಗತೈತ್ರಿ.”

ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಜೋರಾಗಿ ನಕ್ಕರು. “ಅಂದ್ರ ಈ ಸರಿಯುತ್ತರಕ್ಕ ನಾವು ಸಹಿ ಮಾಡಿದ್ರ ನಮ್ಮೂರ ಮೂರನೇದಾಕ್ಕೈತಿ! ಛಲೋ ಆತು ಬಿಡ್ರಿ.”

ಅಧ್ಯಕ್ಷರಿಗೆ ಅದು ಹಿಡಿಸಲಿಲ್ಲ. ಅವರು ಎಷ್ಟೋ ವೇದಿಕೆಗಳಲ್ಲಿ ‘ರಾಜ್ಯದ ಎರಡನೆಯ ಮಹಾನಗರ’ ಎಂದು ಹೇಳುತ್ತ ಬಂದವರು. ನಾನು ಕಿಟಕಿಯ ಕಡೆ ತೋರಿಸಿದೆ. ನಾವು ಕೂತ ರಾಯಾಪುರವನ್ನು ನಡುವೆ ಇಟ್ಟುಕೊಂಡು ಎರಡು ಊರುಗಳಿವೆ, ಒಂದರ ಬೀದಿಯಿಂದ ಇನ್ನೊಂದರ ಬೀದಿಗೆ ನಡೆದು ಹೋಗಲು ಆಗುವುದಿಲ್ಲ. ಪಾಲಿಕೆ ಒಂದು ಎಂಬ ಒಂದೇ ಕಾರಣಕ್ಕೆ ಪಟ್ಟಿಯಲ್ಲಿ ಒಂದು ನಗರ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂದು ಊರ ತುಂಬ ಮಾತು ನಡೆದಿದೆ. ಅದು ಆದ ದಿನ ಒಬ್ಬ ಮನುಷ್ಯನೂ ಮನೆ ಬಿಟ್ಟು ಕದಲದೆಯೇ ನಾವು ಪಟ್ಟಿಯಲ್ಲಿ ಕೆಳಗೆ ಇಳಿಯುತ್ತೇವೆ. ಗಡಿ ಎಲ್ಲಿ ಎಳೆದಿದ್ದಾರೆ ಎಂದು ಹೇಳದೆ ಯಾವ ಊರು ದೊಡ್ಡದು ಎಂದು ಕೇಳುವುದೇ ತಪ್ಪು, ಕನ್ನಡದ ಪ್ರಶ್ನೆಯಲ್ಲಿ ಹೇಳಿರುವ ಗಡಿ ನಗರದ್ದು, ಎಂದೆ.

“ಖರೇ ಐತಿ,” ಎಂದರು ಪ್ರಾಧ್ಯಾಪಕರು. “ಕನ್ನಡದಾಗ ಬರದವರ ಪೈಕಿ ಎಷ್ಟು ಮಂದಿ ಕೊನೀದು ಹಾಕ್ಯಾರ ತಗೀರಿ ಸಾಹೇಬ್ರ. ನೋಡೂಣು.”

ಆ ಮಾಹಿತಿ ಕೊಡಲು ಮೇಲಿನವರ ಅನುಮತಿ ಬೇಕು ಎಂದ ಅಧಿಕಾರಿ. ಅನುಮತಿ ತರಿಸಿ ಎಂದೆವು. ಸಭೆ ಮುಂದಿನ ವಾರಕ್ಕೆ ಹೋಯಿತು.

ಆ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸಪ್ಪಳಾಯಿತು. ತೆರೆದರೆ ಹತ್ತಿರದ ಮುಗದ ಹಳ್ಳಿಯ ಹುಡುಗಿ. ಹುಡುಗಿ ಎನ್ನುವುದು ನಮ್ಮ ಬಾಯಿಯ ರೂಢಿ ಅಷ್ಟೇ, ಮೂವತ್ತು ದಾಟಿದ್ದಾಳೆ. ನನ್ನ ತರಗತಿಯಲ್ಲಿ ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತವಳು. ತಂದೆ ಮುಗದದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಇವಳು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ಮಕ್ಕಳಿಗೆ ಟ್ಯೂಶನ್ ಹೇಳುತ್ತ ಪರೀಕ್ಷೆಗಳಿಗೆ ಓದುತ್ತಿದ್ದಳು. ಇದು ಅವಳ ಕೊನೆಯ ಅವಕಾಶ, ಮುಂದಿನ ಸಲಕ್ಕೆ ವಯಸ್ಸಿನ ಮಿತಿ ದಾಟುತ್ತದೆ ಎಂಬುದೂ ನನಗೆ ಗೊತ್ತಿತ್ತು. ಪ್ರತಿಸಲದಂತೆ ಮುಗದದ ಅಕ್ಕಿಯ ಒಂದು ಸಣ್ಣ ಚೀಲ ತಂದಿದ್ದಳು.

“ಮೇಡಂ, ಆ ಮೂರು ಊರಿನ ಪ್ರಶ್ನೆದ ಸಲುವಾಗಿ ಬಂದೇನ್ರಿ. ನಾನು ಅದರಾಗ—”

“ನಿಲ್ಲು,” ಎಂದೆ. “ಆ ಪರೀಕ್ಷಾದ ಬಗ್ಗೆ ನನ್ನ ಮುಂದ ಏನೂ ಮಾತಾಡಬ್ಯಾಡ.”

“ಯಾಕ್ರಿ? ತಾರೀಖು ದಾಟೇತಿ, ಆದ್ರೂ ಆಕ್ಷೇಪಣಾ ಹೆಂಗ ಬರೀಬೇಕಂತ ಕೇಳಾಕ ಬಂದಿದ್ದೆ ಅಷ್ಟ. ನೀವ ಕಲಿಸಿದ್ದಲ್ರಿ ಇದು.”

“ಏನೂ ಹೇಳಬ್ಯಾಡ ಅಂದೆ. ಮನಿಗೆ ಹೋಗವಾ. ಈ ಅಕ್ಕೀನೂ ಒಯ್ಯಿ.”

ಅವಳ ಮುಖ ಸಣ್ಣದಾಯಿತು. ಯಾಕೆ ಎಂದು ಹೇಳುವ ಹಾಗಿರಲಿಲ್ಲ. ಸಮಿತಿಯಲ್ಲಿ ಇದ್ದೇನೆ ಎಂದು ಹೇಳುವಂತಿಲ್ಲ, ಅವಳ ಮಾತು ಕೇಳುವಂತಿಲ್ಲ, ಅಕ್ಕಿ ತೆಗೆದುಕೊಂಡರಂತೂ ಮುಗಿದೇ ಹೋಯಿತು. ಅವಳು ಚೀಲ ಎತ್ತಿಕೊಂಡು ಗೇಟು ದಾಟುವುದನ್ನು ನೋಡುತ್ತ ನಿಂತೆ. ನಿಯಮ ಸರಿಯಾದದ್ದೇ. ಆದರೂ ನನ್ನ ವಿದ್ಯಾರ್ಥಿನಿಯನ್ನು ಬಾಗಿಲಲ್ಲೇ ನಿಲ್ಲಿಸಿ ಓಡಿಸಿದ ಸಿಟ್ಟು ನನಗೆ ನನ್ನ ಮೇಲೇ ಬಂತು.

ಸಂಜೆಯೊಳಗೆ ಅಧ್ಯಕ್ಷರಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು, ಈ ಪ್ರಶ್ನೆಯ ಹೆಸರೆತ್ತಿದಳು, ನಾನು ಮಾತಾಡದೆ ಕಳಿಸಿದೆ, ನಿಮಗೆ ಗೊತ್ತಿರಲಿ ಎಂದೆ.

“ಛಲೋ ಮಾಡಿದಿ,” ಎಂದರು ಅವರು. “ಇಂಥಾದ್ದು ಮುಚ್ಚಿ ಇಡಬಾರದು.”

ಎರಡನೆಯ ಸಭೆಯಲ್ಲಿ ಮಾಹಿತಿ ಬಂತು. ಕನ್ನಡ ಮಾಧ್ಯಮ ಎಂದು ನಮೂದಿಸಿದವರಲ್ಲಿ ಬಹುಪಾಲು ಜನ ಕೊನೆಯ ಆಯ್ಕೆ ತುಂಬಿದ್ದರು. ಇಂಗ್ಲಿಷ್ ಮಾಧ್ಯಮದವರಲ್ಲಿ ಬಹುಪಾಲು ಮೊದಲನೆಯದು. ಪ್ರಾಧ್ಯಾಪಕರು ಹಾಳೆಯನ್ನು ಒಮ್ಮೆ ನೋಡಿ ಮೇಜಿನ ಮೇಲೆ ಇಟ್ಟರು.

“ಇದಕ್ಕ ನನ್ನ ಶಾಸ್ತ್ರ ಬೇಕಾಗಿಲ್ರಿ. ಕಣ್ಣು ಇದ್ರ ಸಾಕು. ಎರಡೂ ಕಡೇದವರು ತಮ್ಮ ತಮ್ಮ ಪ್ರಶ್ನೆಕ್ಕ ಸರಿ ಉತ್ತರ ಬರದಾರ.”

ಅಧಿಕಾರಿ ಮತ್ತೆ ಸೂಚನೆ, ಅಂತಿಮ, ಆವೃತ್ತಿ ಎಂದ. ಯಾರು ಅನುವಾದ ಮಾಡಿದ್ದು ಎಂದು ಕೇಳಿದೆ. “ಮೊದಲು ಸಾಫ್ಟ್‌ವೇರ್ ಮಾಡುತ್ತೆ ಮೇಡಂ, ಆಮೇಲೆ ಒಬ್ಬ ಭಾಷಾ ತಜ್ಞರು ನೋಡ್ತಾರೆ. ಅದು ಗೌಪ್ಯ.” ಹಾಗೆ ಹೇಳುವಾಗ ಅವನು ನನ್ನ ಕಡೆ ನೋಡದೆ ಟೀ ಕಪ್ಪಿನ ಕಡೆ ನೋಡಿದ. ಸಂಜೆಯಾಗಿತ್ತು. ನಿರ್ಣಯವಾಗಲಿಲ್ಲ.

ಧಾರವಾಡದ ಬಸ್ಸಿನಲ್ಲಿ ಅಧ್ಯಕ್ಷರೂ ನಾನೂ ಅಕ್ಕಪಕ್ಕ ಕೂತೆವು. ಟಿಕೆಟ್ ತೆಗೆದುಕೊಂಡ ಮೇಲೆ ಅವರು ತಟ್ಟನೆ ಹೇಳಿದರು.

“ಆ ಶಬ್ದ ತೆಗದಾಂವ ನಾನ ಅದೀನವಾ.”

ನನಗೆ ಮೊದಲು ತಿಳಿಯಲಿಲ್ಲ.

“ಯಂತ್ರ ಏನು ಬರದಿತ್ತು ಗೊತ್ತದ ಏನು? ‘ನಗರ ಒಟ್ಟುಗೂಡಿಸುವಿಕೆಗಳು.’ ಅದು ಕನ್ನಡನ? ಸಮುಚ್ಚಯ ಅಂತ ಹಾಕಬಹುದಿತ್ತು. ಹಳ್ಳಿ ಹುಡುಗರಿಗೆ ಆ ಶಬ್ದ ಭಾರ ಆಗತದ, ಪರೀಕ್ಷಾದಾಗ ಅಂಜತಾರ ಅಂತ ಸರಳ ಮಾಡಿದೆ. ನಗರ ಅಂತ ಬರದೆ. ಅಷ್ಟೂ ಪ್ರಶ್ನೆ ಒಂದ ಮಧ್ಯಾಹ್ನದಾಗ ತಿದ್ದಿ ಕೊಡ್ರಿ ಅಂದಿದ್ರು. ಇಂಗ್ಲಿಷ್ ಕಡೆ ಹೊರಳಿ ನೋಡ್ಲಿಕ್ಕೆ ಪುರಸೊತ್ತು ಇರಲಿಲ್ಲ.”

“ನೀವ ತಿದ್ದಿದ್ದಕ್ಕ ಬಂದ ಆಕ್ಷೇಪಣಾ ನೀವ ಅಧ್ಯಕ್ಷರಾಗಿ ಕೂತು ನೋಡಾಕತ್ತೀರೇನ್ರಿ ಸರ್?”

ನನ್ನ ಧ್ವನಿ ಏರಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಅವರ ಕರದ್ರು. ಆ ಅಧಿಕಾರಿಗೆ ಗೊತ್ತದ. ಪರವಾಗಿಲ್ಲ ಸರ್, ಹೆಸರು ಹೊರಗ ಬರೂದಿಲ್ಲ ಅಂದ.”

“ಮತ್ತ ನೀವು ಸುಮ್ಮನಿದ್ರಿ.”

“ನಲವತ್ತು ವರ್ಷ ಕನ್ನಡ ಕಲಿಸೇನಿ,” ಎಂದರು ಅವರು. “ಕನ್ನಡದ ಹುಡುಗರಿಗೆ ನನ್ನಿಂದನ ಪೆಟ್ಟು ಬಿತ್ತು ಅಂತ ಯಾವ ಬಾಯಿಲೆ ಹೇಳ್ಲಿ?”

ಅವರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಸರಳ ಕನ್ನಡ ಎಂದು ಶಬ್ದವನ್ನು ತೆಳ್ಳಗೆ ಮಾಡುತ್ತ ಹೋದರೆ ಅರ್ಥ ಎಲ್ಲಿ ಉಳಿಯಬೇಕು? ಹಳ್ಳಿಯ ಹುಡುಗರಿಗೆ ಸಮುಚ್ಚಯ ಭಾರವಾಗುತ್ತದೆ ಎಂದು ಇವರಿಗೆ ಯಾರು ಹೇಳಿದರು? ನಾನು ಆ ಹುಡುಗರಿಗೇ ಇಪ್ಪತ್ತು ವರ್ಷದಿಂದ ಆ ಶಬ್ದ ಕಲಿಸುತ್ತಿದ್ದೇನೆ. ಒಬ್ಬರೂ ಅಂಜಿದ್ದು ನೋಡಿಲ್ಲ. ನನ್ನ ಸ್ಟಾಪು ಬರುವ ಮೊದಲೇ ಇಳಿದು ಉಳಿದ ದಾರಿ ನಡೆದೆ.

ಮೂರನೆಯ ಸಭೆಗೆ ಹೋದಾಗ ನಡಾವಳಿ ಮೊದಲೇ ಮುದ್ರಣವಾಗಿ ಕೂತಿತ್ತು. ‘ಇಂಗ್ಲಿಷ್ ಆವೃತ್ತಿ ಅಂತಿಮವಾಗಿರುವುದರಿಂದ ಆಕ್ಷೇಪಣೆಗಳನ್ನು ಸಮಿತಿಯು ಸರ್ವಾನುಮತದಿಂದ ತಿರಸ್ಕರಿಸಿದೆ.’ ಕೆಳಗೆ ಮೂರು ಸಹಿಗೆ ಜಾಗ. ಅಧ್ಯಕ್ಷರ ಸಹಿ ಆಗಲೇ ಬಿದ್ದಿತ್ತು.

“ಸರ್ವಾನುಮತ ಯಾವಾಗ ಆತ್ರಿ?” ಎಂದೆ.

“ಫಾರ್ಮ್ಯಾಟ್ ಅದು ಮೇಡಂ.”

ಪ್ರಾಧ್ಯಾಪಕರ ಕೈಗೆ ಹಾಳೆ ಹೋಯಿತು. ಅವರು ಪೆನ್ನು ತೆಗೆದರು, ಮತ್ತೆ ಮುಚ್ಚಿದರು. “ನಾನು ಮೇಡಂ ಕೂಡೆ ಅದೀನ್ರಿ. ಆದ್ರ ಇಬ್ಬರ ನಿಂತು ಏನು ಮಾಡೂದೈತಿ? ಮೇಲಿನವರು ಇನ್ನೊಂದು ಸಮಿತಿ ಮಾಡ್ತಾರ, ಅವರು ಸಹಿ ಹಾಕ್ತಾರ.”

“ನಾನು ಹಾಕೂದಿಲ್ಲ,” ಎಂದೆ.

ಆಗ ಅಧಿಕಾರಿ ಲ್ಯಾಪ್‌ಟಾಪ್ ಅರ್ಧ ಮುಚ್ಚಿದ. ಆ ಎರಡು ವಾರಗಳಲ್ಲಿ ಅವನು ನನ್ನ ಮುಖ ನೇರವಾಗಿ ನೋಡಿದ್ದು ಆಗಲೇ.

“ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಸ್ಟೂಡೆಂಟ್ ಒಬ್ಬರು ಈ ಪರೀಕ್ಷೆ ಬರೆದಿದ್ದಾರೆ, ಇದೇ ಪ್ರಶ್ನೆ ವಿಷಯಕ್ಕೆ ನಿಮ್ಮ ಮನೆಗೂ ಬಂದಿದ್ರು ಅಂತ ಗೊತ್ತಾಗಿದೆ. ಹಿತಾಸಕ್ತಿ ಸಂಘರ್ಷ ಆಗುತ್ತೆ. ನೀವೇ ಸಮಿತಿಯಿಂದ ಹಿಂದೆ ಸರಿದರೆ ಗೌರವವಾಗಿರುತ್ತೆ.”

ಗೊತ್ತಾಗಿದೆ ಎಂದನಲ್ಲ, ಗೊತ್ತು ಮಾಡಿಸಿದವಳು ನಾನೇ. ಅಧ್ಯಕ್ಷರು ಮೇಜಿನ ಮೇಲಿನ ಗೀಟು ನೋಡುತ್ತಿದ್ದರು. ಎದ್ದು ಹೋಗಿಬಿಡಬೇಕು ಎನ್ನಿಸಿತು. ಅವನಿಗೆ ಬೇಕಾದದ್ದೂ ಅದೇ. ಇನ್ನೊಂದು ದಾರಿ ಬಸ್ಸಿನಲ್ಲಿ ಕೇಳಿದ್ದನ್ನು ಅಲ್ಲೇ ಹೊರಗೆ ಹಾಕುವುದು. ಅದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ನನ್ನನ್ನು ನಂಬಿ ಹೇಳಿದ ಮಾತು ಅದು. ಅವರು ನನ್ನ ನಂಬಿಕೆಯನ್ನು ಏನು ಮಾಡಿದರು ಎಂಬುದು ಬೇರೆ ಲೆಕ್ಕ. ನಾನು ಕುರ್ಚಿಯಲ್ಲಿ ಕದಲದೆ ಕೂತು ಹೇಳಿದೆ.

“ಸರಿತೇನಿ. ಬರಕೋರಿ. ಹಳೇ ವಿದ್ಯಾರ್ಥಿನಿ ಮನಿಗೆ ಬಂದಿದ್ಲು ಅಂತ ನಾನು ಸರಿತೇನಿ. ಆದ್ರ ಅದ ನಿಯಮದ ಪ್ರಕಾರ ಈ ಪ್ರಶ್ನೆದ ಕೂಡೆ ಸಂಬಂಧ ಇದ್ದವರು ಇನ್ನ್ಯಾರ್ಯಾರು ಈ ಕೋಣ್ಯಾಗ ಅದಾರ, ಅವರೂ ಸರೀಬೇಕು. ಯಾರಂತ ನಾನು ಹೇಳೂದಿಲ್ಲ. ಅವರ ಹೇಳಬೇಕು.”

ಪ್ರಾಧ್ಯಾಪಕರು ಒಬ್ಬೊಬ್ಬರ ಮುಖ ನೋಡಿದರು. ಅಧಿಕಾರಿ “ಮೇಡಂ, ಇದೆಲ್ಲ ಈಗ—” ಎಂದು ಶುರು ಮಾಡಿದ. ಅಧ್ಯಕ್ಷರು ಕೈ ಎತ್ತಿ ಅವನನ್ನು ತಡೆದರು.

“ಪ್ರಶ್ನೆಪತ್ರಿಕೆ ಕನ್ನಡ ನೋಡಿದಾಂವ ನಾನು,” ಎಂದರು. ಸಭೆಗಳಲ್ಲಿ ಕೇಳಿದ ಆ ಧ್ವನಿ ಇರಲಿಲ್ಲ, ಒಣಗಿಹೋಗಿತ್ತು. “ಶಬ್ದ ನಾ ತೆಗದೀನಿ. ಈ ಸಹಿ ನನ್ನದಿರಬಾರದು. ಕೊಡ್ರಿ ಇಲ್ಲೆ.”

ನಡಾವಳಿಯ ಹಾಳೆಯನ್ನು ತೆಗೆದುಕೊಂಡು ತಮ್ಮ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ಪ್ರಾಧ್ಯಾಪಕರು ಕುರ್ಚಿ ಹಿಂದಕ್ಕೆ ಸರಿಸಿ ಕಿಟಕಿಯ ಹತ್ತಿರ ಹೋಗಿ ನಿಂತರು. ಅಧಿಕಾರಿ ಫೋನ್ ಹಿಡಿದು ಹೊರಗೆ ಹೋದ, ಬಹಳ ಹೊತ್ತು ಬರಲಿಲ್ಲ. ಗಾಜಿನ ಬಾಗಿಲಿನ ಆಚೆ ಅವನು ಹಿಂದೆ ಮುಂದೆ ಓಡಾಡುವುದು ಕಾಣುತ್ತಿತ್ತು.

ಮರಳಿ ಬಂದಾಗ ಅವನ ಮಾತೇ ಬದಲಾಗಿತ್ತು. ಯಾರೂ ಸಮಿತಿಯಿಂದ ಸರಿಯುವುದು ಬೇಡ, ಅನುವಾದದ ವಿಷಯ ಹೊರಗೆ ಹೋಗುವುದು ಬೇಡ. ಮೇಲಿನವರು ಒಂದು ದಾರಿ ಒಪ್ಪಿದ್ದಾರೆ: ಎರಡೂ ಉತ್ತರಗಳನ್ನು ಸರಿ ಎಂದು ಪರಿಗಣಿಸುವುದು. ಮೊದಲನೆಯದು ತುಂಬಿದವರಿಗೂ ಅಂಕ, ಕೊನೆಯದು ತುಂಬಿದವರಿಗೂ ಅಂಕ.

“ಪ್ರಶ್ನೆನ ರದ್ದು ಮಾಡ್ರಿ,” ಎಂದೆ ನಾನು. “ಕೆಟ್ಟ ಪ್ರಶ್ನೆ ಅದು.”

“ರದ್ದು ಮಾಡಿದರೆ ಇಂಗ್ಲಿಷ್‌ನವರು ಬರ್ತಾರೆ ಮೇಡಂ, ನಮ್ಮ ಅಂಕ ಕಿತ್ಕೊಂಡ್ರಿ ಅಂತ. ಕೋರ್ಟಿಗೆ ಹೋಗ್ತಾರೆ. ಎರಡೂ ಸರಿ ಅಂದರೆ ಯಾರಿಗೂ ನಷ್ಟ ಇಲ್ಲ.”

“ಬಿಟ್ಟವರು?” ಎಂದರು ಪ್ರಾಧ್ಯಾಪಕರು ಕಿಟಕಿಯ ಕಡೆಯಿಂದಲೇ. “ಯಾವುದೂ ತುಂಬದ ಬಿಟ್ಟವರು ಇರ್ತಾರಲ್ರಿ.”

“ಬಿಟ್ಟವರು ಗೊತ್ತಿಲ್ಲದೆ ಬಿಟ್ಟಿರ್ತಾರೆ ಸರ್. ಅವರಿಗೇನು?”

ಆ ಮಾತು ಸರಿ ಎಂದೇ ನಮಗೆ ಎಲ್ಲರಿಗೂ ತೋರಿತು. ನನಗೂ ತೋರಿತು. ದಣಿದಿದ್ದೆವು. ಗೆದ್ದಂತೆಯೂ ಆಗಿತ್ತು. ಹೊಸ ನಡಾವಳಿ ಮುದ್ರಣವಾಗಿ ಬಂತು, ಮೂವರೂ ಸಹಿ ಮಾಡಿದೆವು. ಮೆಟ್ಟಿಲು ಇಳಿಯುವಾಗ ಅಧ್ಯಕ್ಷರು ನನ್ನನ್ನು ನಿಲ್ಲಿಸಿ, “ನಿನ್ನ ವಿಷಯ ನಾನು ಅವನ ಮುಂದ ಆಡಬಾರದಿತ್ತು,” ಎಂದರು. ಹೌದು ಎಂದೆ.

ತಿದ್ದಿದ ಸರಿಯುತ್ತರ ಪ್ರಕಟವಾಯಿತು. ಧಾರವಾಡದ ಓದುವ ಹುಡುಗರು ಚಹಾದಂಗಡಿಗಳ ಮುಂದೆ ಕುಣಿದಾಡಿದರು. ಮುಂದೆ ಆಯ್ಕೆಪಟ್ಟಿಯೂ ಬಂತು. ಅದರಲ್ಲಿ ಮುಗದದ ಹುಡುಗಿಯ ಹೆಸರು ಹುಡುಕಿದೆ. ಸಿಗಲಿಲ್ಲ. ಸಮಿತಿಯ ಕೆಲಸ ಮುಗಿದಿದ್ದರಿಂದ ಈಗ ಮಾತಾಡಬಹುದಿತ್ತು. ನಾನೇ ಫೋನ್ ಮಾಡಿ ಕಾಲೇಜಿಗೆ ಕರೆದೆ.

ಅವಳು ಬಂದು ನನ್ನ ಕೋಣೆಯಲ್ಲಿ ಕೂತಳು. ಆ ಭಾನುವಾರ ಯಾಕೆ ಹಾಗೆ ಕಳಿಸಿದೆ ಎಂದು ಹೇಳಿದೆ. ಅವಳು ತಲೆಯಾಡಿಸಿದಳು.

“ಆವಾಗ ನೋವಾಗಿತ್ರಿ. ಈಗ ತಿಳೀತು.”

“ಆ ಪ್ರಶ್ನೆದ ಅಂಕ ಬಂದಿರಬೇಕಲ್ಲ ನಿನಗ? ಬೆಂಗಳೂರು ಮೊದಲು ಅಂತ ತುಂಬಿದ್ದಿ ಹೌದಿಲ್ಲೋ?”

“ಇಲ್ರಿ ಮೇಡಂ. ನಾನು ಬಿಟ್ಟೆ.”

“ಬಿಟ್ಟಿ?”

“ನಗರ ಅಂತ ಇತ್ರಿ. ನಗರ ಅಂದ್ರ ಬೆಂಗಳೂರು ಮೊದಲು. ಆದ್ರ ಉತ್ತರದಾಗ ಅದರ ಉಲ್ಟಾನೂ ಇಟ್ಟಿದ್ರು. ಸಮುಚ್ಚಯದ ಕ್ರಮ ಅದು. ಎರಡೂ ಇಟ್ಟಾರ ಅಂದ್ರ ಇವರ ಮನಸ್ಸಿನ್ಯಾಗ ಏನೋ ಐತಿ ಅಂತ ಅನಿಸ್ತು. ಇಂಗ್ಲಿಷ್ ನೋಡಿದೆ. ಅಲ್ಲೆ ಒಂದು ಉದ್ದನ ಶಬ್ದ ಇತ್ತು, ನನಗ ಗೊತ್ತಾಗಲಿಲ್ಲ. ನಾವು ಕನ್ನಡದಾಗ ಕಲ್ತೇವಲ್ರಿ. ತಪ್ಪಾದ್ರ ಕಾಲು ಅಂಕ ಹೋಗತೈತಿ, ಖಾತ್ರಿ ಇಲ್ದ ತುಂಬೂದು ಬ್ಯಾಡ ಅಂತ ಬಿಟ್ಟೆ. ಅದನ್ನ ಹೇಳಾಕ ಬಂದಿದ್ದೆ ಆವತ್ತು. ಬಿಟ್ಟವರೂ ಆಕ್ಷೇಪಣಾ ಹಾಕಬಹುದೇನು ಅಂತ.”

ಮೊದಲಿನ ಸರಿಯುತ್ತರವೇ ನಿಂತಿದ್ದರೆ ಕೊನೆಯದನ್ನು ತುಂಬಿದವರೆಲ್ಲ ಅವಳಿಗಿಂತ ಕಾಲು ಅಂಕ ಹಿಂದೆ ಉಳಿಯುತ್ತಿದ್ದರು. ನಾವು ಎರಡೂ ಸರಿ ಎಂದು ಸಹಿ ಮಾಡಿದ ಮೇಲೆ ಅವರೆಲ್ಲ ಒಂದು ಅಂಕ ಮುಂದೆ ಹೋದರು. ಅವಳ ಅಂಕ ಎಷ್ಟು ಎಂದು ಕೇಳಿದೆ. ಹೇಳಿದಳು. ಕೊನೆಯದಾಗಿ ಆಯ್ಕೆಯಾದವರಿಗೂ ಅವಳಿಗೂ ನಡುವೆ ಆ ಒಂದು ಅಂಕದಷ್ಟೂ ಅಂತರ ಇರಲಿಲ್ಲ.

ಅವಳೆದುರೇ ಅಧಿಕಾರಿಗೆ ಫೋನ್ ಹಚ್ಚಿದೆ. ಎರಡೂ ಕ್ರಮ ಗೊತ್ತಿದ್ದವರೇ ಆ ಪ್ರಶ್ನೆ ಬಿಟ್ಟಿರುವ ಸಾಧ್ಯತೆ ಇದೆ, ಅವರಿಗೂ ಅಂಕ ಕೊಡಬೇಕು, ಇಲ್ಲದಿದ್ದರೆ ಪ್ರಶ್ನೆಯನ್ನೇ ರದ್ದು ಮಾಡಬೇಕು ಎಂದೆ. ಕಿರುಚಿಯೇ ಹೇಳಿದೆ ಎಂದು ಕಾಣುತ್ತದೆ, ಪಕ್ಕದ ಕೋಣೆಯ ಸಹೋದ್ಯೋಗಿ ಬಾಗಿಲಲ್ಲಿ ಇಣುಕಿ ಹೋದರು.

“ಮೇಡಂ, ಆಯ್ಕೆಪಟ್ಟಿ ಅಂತಿಮ ಆಗಿದೆ,” ಎಂದ ಅವನು. “ಸಮಿತಿ ವರದಿಗೆ ನೀವೂ ಸಹಿ ಮಾಡಿದ್ದೀರಿ.”

ಕೋರ್ಟಿಗೆ ಹೋಗೋಣ, ವಕೀಲರ ಹತ್ತಿರ ನಾನೇ ಬರುತ್ತೇನೆ, ಸಮಿತಿಯಲ್ಲಿ ನಡೆದದ್ದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದು ಹುಡುಗಿಗೆ ಹೇಳಿದೆ. ಅವಳು ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದಳು. ಬೆಂಗೇರಿಯಲ್ಲಿ ಟ್ಯೂಶನ್ ಮಕ್ಕಳು ಬರುವ ಹೊತ್ತಾಗಿತ್ತು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು.

“ಕಣ್ಣು ಮುಚ್ಚಿ ಎರಡರಾಗ ಯಾವುದಾದ್ರೂ ಒಂದು ತುಂಬಿದ್ರೂ ಬರತಿತ್ತಲ್ರಿ?”

“ಬರತಿತ್ತು,” ಎಂದೆ.

ಅವಳು ಬಾಗಿಲ ಹತ್ತಿರ ಸ್ವಲ್ಪ ನಿಂತಳು. ಸಿಟ್ಟಿನಿಂದ ಕೇಳಲಿಲ್ಲ. ತರಗತಿಯಲ್ಲಿ ಅನುಮಾನ ಬಂದಾಗ ಕೇಳುತ್ತಿದ್ದ ಹಾಗೆಯೇ ಕೇಳಿದಳು.

“ಹಂಗಾದ್ರ ನಮಗ ಎರಡೂ ಪಟ್ಟಿ ಯಾಕ ಕಲಿಸಿದ್ರಿ ಮೇಡಂ?”